ಗಡಿಯಾಚೆಯ ಕಾಲು

ಟೆಂಡರ್ ಗುಮಾಸ್ತನ ಕಚೇರಿಯಲ್ಲಿ ಯಾರೂ ಬರೆದಿಡದ ಪದ್ಧತಿಯೊಂದಿತ್ತು: ನಮ್ಮವರ ಲಕೋಟೆಯಲ್ಲಿ ಕಾಗದ ಕಡಿಮೆಯಿದ್ದರೆ ಫೋನು, ಗಡಿಯಾಚೆಯವರದ್ದರಲ್ಲಿ ಕಡಿಮೆಯಿದ್ದರೆ ಕೆಂಪು ಶಾಯಿ.

ಸರ್ಕಾರಿ ಆಸ್ಪತ್ರೆಗೆ ಕೃತಕ ಕಾಲು ಪೂರೈಸುವ ಟೆಂಡರಿಗೆ ಬಂದದ್ದು ಎರಡೇ ಲಕೋಟೆ. ಒಂದು ಊರಿನ ಕಾರ್ಖಾನೆಯದು, ಇನ್ನೊಂದು ಗಡಿಯ ಸೇತುವೆ ದಾಟಿ ಬಂದದ್ದು. ಮಾದರಿಗಳನ್ನು ಗುಮಾಸ್ತ ಮೇಜಿನ ಮೇಲಿಟ್ಟು ಮಡಚಿ ನೋಡಿದ್ದ. ಆಚೆಯದರ ಮಂಡಿ ಬೆಣ್ಣೆಯಿಂದ ಕೂದಲೆಳೆದಂತೆ ಬಾಗುತ್ತಿತ್ತು. ಈಚೆಯದು ಹಠಮಾರಿ ಕತ್ತೆ. ಬೇಡವೆಂದಾಗ ಬಾಗಿ, ಬೇಕೆಂದಾಗ ಸೆಟೆದು ನಿಲ್ಲುತ್ತಿತ್ತು. ಬೆಲೆ ಹೆಚ್ಚುಕಡಿಮೆ ಒಂದೇ.

ಊರಿನವರು ಪರೀಕ್ಷಾ ಪತ್ರವನ್ನೇ ಇಟ್ಟಿರಲಿಲ್ಲ. ಆಚೆಯವರು ಇಟ್ಟಿದ್ದರು, ಆದರೆ ಅದರ ಮೇಲೆ ಈಚೆಯ ಸರ್ಕಾರದ ಮುದ್ರೆ ಇರಲಿಲ್ಲ. ಗುಮಾಸ್ತ ಊರಿನವರಿಗೆ ಫೋನ್ ಮಾಡಿ, "ಸಂಜೆಯೊಳಗೆ ತಂದುಬಿಡಿ ಸಾರ್" ಎಂದ. ಆಚೆಯವರ ಹೆಸರಿನ ಮೇಲೆ ಗೀಟೆಳೆದ. ಯಾರ ಕೈಯಿಂದಲೂ ಒಂದು ಲೋಟ ಚಹಾ ಕೂಡ ಕುಡಿದಿರಲಿಲ್ಲವಾದ್ದರಿಂದ ಆ ರಾತ್ರಿ ಚೆನ್ನಾಗಿಯೇ ನಿದ್ದೆ ಬಂತು.

ಮರುವರ್ಷ ಅವನ ಅಣ್ಣನ ಕಾಲಿನ ಮೇಲೆ ಲಾರಿ ಹಾಯಿತು. ಅಣ್ಣ ಹೋಟೆಲಿನ ಅಡುಗೆಯವ. ದಿನವಿಡೀ ಒಲೆಯ ಮುಂದೆ ನಿಲ್ಲುವ ಕೆಲಸ. ಮಾಲೀಕ ಮೂರು ತಿಂಗಳು ಕಾಯುತ್ತೇನೆಂದಿದ್ದ. ಮೂರನೆಯ ತಿಂಗಳು ಆಸ್ಪತ್ರೆಯಲ್ಲಿ ಅಣ್ಣ ಎರಡು ಕಂಬಿಗಳ ನಡುವೆ ಹೊಸ ಕಾಲಿನ ಮೇಲೆ ನಿಂತಿದ್ದ.

"ಏನೋ ತಮ್ಮ, ಇದು ನಿಮ್ಮ ಕಚೇರಿ ಕೊಡಿಸಿದ ಕಾಲಂತೆ. ನಿನ್ನ ಹಾಗೇ ಇದೆ ಕಣೋ, ಹೇಳಿದ ಮಾತು ಕೇಳಲ್ಲ."

ಅನ್ನುತ್ತಿದ್ದಂತೆ ಮಂಡಿ ಕುಸಿಯಿತು. ಅಣ್ಣ ಕಂಬಿಗೆ ಜೋತುಬಿದ್ದ. ಗುಮಾಸ್ತ ಓಡಿಹೋಗಿ ಸೊಂಟ ಹಿಡಿದುಕೊಂಡ.

"ಕಾದ ಎಣ್ಣೆ ಮುಂದೆ ಹೀಗಾದ್ರೆ ನಾನೇ ಬೋಂಡ," ಎಂದ ಅಣ್ಣ. ಆಮೇಲೆ ಕೇಳಿದ, "ಬೇರೆ ಕಾಲು ಬಂದಿರ್ಲಿಲ್ವಾ?"

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು.

"ಬಂದಿತ್ತಣ್ಣ, ಆಚೆಯಿಂದ. ಕಾಗದದ ಮೇಲೆ ಒಂದು ಮುದ್ರೆ ಇರಲಿಲ್ಲ."

"ಈ ಕಾಲಿನವರದ್ದು ಎಲ್ಲಾ ಸರಿಯಿತ್ತಾ?"

"ಇರಲಿಲ್ಲ. ಫೋನ್ ಮಾಡಿ ತರಿಸ್ಕೊಂಡೆ."

"ಆಚೆಯವರ ಹತ್ರ ಫೋನ್ ಇರಲಿಲ್ವೇನೋ?"

ಇತ್ತು. ನಂಬರು ಲಕೋಟೆಯ ಮೇಲೇ ಇತ್ತು. ಆಚೆಯವರ ಮೇಲೆ ಗುಮಾಸ್ತನಿಗೆ ದ್ವೇಷವೇನೂ ಇರಲಿಲ್ಲ. ಅವರಿಗೂ ಫೋನ್ ಮಾಡಬಹುದೆಂದು ಹೊಳೆದೇ ಇರಲಿಲ್ಲ.

"ಗುತ್ತಿಗೆ ಎಷ್ಟು ವರ್ಷದ್ದು?"

"ಐದು."

ಅಣ್ಣ ಕಾಲಿನ ಪಟ್ಟಿ ಬಿಚ್ಚತೊಡಗಿದ. "ಹಾಗಾದ್ರೆ ಹೋಟೆಲಿಗೆ ನೀನೇ ಹೋಗಿ, ನಾನಿನ್ನು ಬರಲ್ಲ ಅಂತ ಹೇಳ್ಬಿಡು. ಪಾಪ, ಕಾಯ್ತಿರ್ತಾರೆ."

ಗುಮಾಸ್ತ ಹೋಗಿ ಹೇಳಿದ. ಮಾಲೀಕ ಒಳ್ಳೆಯವನೇ, ಕೂತು ಈರುಳ್ಳಿ ಹೆಚ್ಚುವ ಕೆಲಸವಿದೆ, ಬೇಕಾದರೆ ಬರಲಿ ಎಂದ. ನಾಲ್ಕು ದಿನವಾಯಿತು, ಅದನ್ನು ಅಣ್ಣನಿಗೆ ಹೇಳಲು ತಮ್ಮನಿಗೆ ಇನ್ನೂ ಬಾಯಿ ಬಂದಿಲ್ಲ.