ಗಾಳಿಪೆಟ್ಟಿಗೆಯೊಳಗಿನ ಬೆಳ್ಳಿಯಮ್ಮ

ಇದು ಗಾಳಿಯ ಕಥೆಯೇ ಹೊರತು ಗಾಳಿಸುದ್ದಿಯಲ್ಲ. ಸೂಲೂರಿನ ನೇಕಾರರ ಬೀದಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ತೀರಿಕೊಂಡು ವರ್ಷಗಳೇ ಕಳೆದಿದ್ದ ಬೆಳ್ಳಿಯಮ್ಮ ತನ್ನ ಮಗ ದಂಡಪಾಣಿಯ ಮನೆಯಲ್ಲಿ ಒಂದು ಮಧ್ಯಾಹ್ನ ಬಾಯಿ ಬಿಟ್ಟಿದ್ದು ನಿಜವೆನ್ನುತ್ತಾರೆ. ಯಾರ ಮೈಮೇಲೂ ಬಂದು ಅಲ್ಲ, ಒಂದು ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆಯ ಒಳಗಿಂದ.

ಆ ಪೆಟ್ಟಿಗೆ ತಂದವನು ಅಳಿಯ ಸೆಂದಿಲ್ ಕುಮಾರ್. ಮಗಳು ಜನನಿಗೆ ಚೊಚ್ಚಲ ಹೆರಿಗೆಯಾಗಿತ್ತು. ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರಿಂದ ಉಸಿರಾಡಿದರೆ ಎದೆ ಗೊರಗೊರ ಎನ್ನುತ್ತಿತ್ತು. ಹೊಗೆ ಧೂಳಿಲ್ಲದ ಕಡೆ ಇರಿಸಿ ಎಂದು ಡಾಕ್ಟರು ಹೇಳಿದ್ದರು. ಬಾಣಂತನ ತವರಲ್ಲೇ ಆಗಬೇಕೆಂದು ದಂಡಪಾಣಿಯ ಹೆಂಡತಿ ರಂಗನಾಯಕಿ ಪಟ್ಟು ಹಿಡಿದಿದ್ದಳು. ಆದರೆ ಅದು ಮಗ್ಗದ ಮನೆ. ಹತ್ತಿಯ ನವಿರು ಅನ್ನದ ತಟ್ಟೆಯ ಮೇಲೂ ಕೂರುವಂಥದ್ದು. ಅಳಿಯ ಜಗಳವಾಡಲಿಲ್ಲ. ಗಾಳಿ ಶುದ್ಧ ಮಾಡುವ ಯಂತ್ರವೊಂದನ್ನು ತಂದು ಮುಂಭಾಗದ ಹಾಲಿನಲ್ಲಿಟ್ಟು, ಶುಕ್ರವಾರ ತಾಯಿ ಮಗುವನ್ನು ಕರೆತರುತ್ತೇನೆ, ಅಂದು ಇದರ ದೀಪ ನೀಲಿಯಾಗಿದ್ದರೆ ಕೂಸು ಇಲ್ಲೇ ಇರಲಿ, ಕೆಂಪಾಗಿದ್ದರೆ ತುಡಿಯಲೂರಿನ ನಮ್ಮ ಫ್ಲಾಟಿಗೇ ವಾಪಸು, ಬೇಜಾರು ಮಾಡಿಕೊಳ್ಳಬೇಡಿ ಮಾವಾ ಎಂದು ನಯವಾಗಿ ಹೇಳಿಹೋದ.

ದಂಡಪಾಣಿ ಮೊಮ್ಮಗಳಿಗೆಂದೇ ಮೆತ್ತನೆಯ ಸೀರೆಯೊಂದನ್ನು ತಾನೇ ನೇಯ್ದು, ಹಾಲಿನ ತೊಲೆಗೆ ಅದರದೇ ತೊಟ್ಟಿಲು ಕಟ್ಟಿ ಮುಗಿಸಿದ್ದ. ಈಗ ಅದರ ಕೆಳಗೆ ಕೂತು ಯಂತ್ರದ ದೀಪವನ್ನೇ ನೋಡತೊಡಗಿದ. ಕೆಂಪು. ಮಗ್ಗ ನಿಲ್ಲಿಸಿದ, ಅದರ ಮೇಲೆ ಬಟ್ಟೆ ಹೊದಿಸಿದ, ನೆಲ ಒರೆಸಿಸಿದ. ಆದರೂ ಕೆಂಪು.

ಗಾಳಿ ಕೆಟ್ಟಿದ್ದರೆ ಅದನ್ನು ಶುದ್ಧ ಮಾಡಬೇಕು ತಾನೆ ಎಂದಳು ರಂಗನಾಯಕಿ. ಅವಳಿಗೆ ಗೊತ್ತಿದ್ದ ಶುದ್ಧಿ ಒಂದೇ, ಸಾಂಬ್ರಾಣಿ. ಕೆಂಡದ ಮೇಲೆ ಪುಡಿ ಚೆಲ್ಲಿ ಮೂಲೆ ಮೂಲೆಗೂ ಹೊಗೆ ಹಿಡಿದಳು. ಪೆಟ್ಟಿಗೆ ಗುರ್ರೆಂದಿತು, ದೀಪ ಇನ್ನಷ್ಟು ಕೆಂಪಾಯಿತು. ಇನ್ನೂ ಸಾಲದು ಎಂದುಕೊಂಡು ಅವಳು ಬೆಳಿಗ್ಗೆ ಹಾಕುತ್ತಿದ್ದುದನ್ನು ಮೂರು ಹೊತ್ತಿಗೆ ಏರಿಸಿದಳು. ಹೊಗೆಗೆ ಹೊರಗೆ ಹೋಗಲು ದಾರಿಯೂ ಇರಲಿಲ್ಲ. ಹಿಂದೆ ಮಗ್ಗ ಹಾಲಿನಲ್ಲೇ ಇದ್ದಾಗ, ಬೀಸುಗಾಳಿಗೆ ಗಂಜಿ ಹಾಕಿ ಮಗ್ಗಕ್ಕೆ ಹೂಡಿದ ಉದ್ದನೂಲಿನ ಹಾಸು ಒಣಗಿ ಎಳೆಗಳು ಪಟಪಟನೆ ಕಡಿಯುತ್ತವೆಂದು ಬೆಳ್ಳಿಯಮ್ಮ ಕಿಟಕಿಗಳನ್ನು ಮುಚ್ಚಿಸಿದ್ದಳು. ಮಗ್ಗ ಹಿಂದಿನ ಕೋಣೆಗೆ ಹೋಗಿ ಎಷ್ಟೋ ಕಾಲವಾಗಿತ್ತು. ಕಿಟಕಿಗಳಿಗೆ ಮಾತ್ರ ಆ ಸುದ್ದಿ ಯಾರೂ ತಿಳಿಸಿರಲಿಲ್ಲ.

ಮಗ ಕಾರ್ತಿ ತಿಳಿಸಲು ನೋಡಿದ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಆಫೀಸಿನಲ್ಲಿದ್ದ ಅವನಿಗೆ ಓದು ಎಷ್ಟಿತ್ತೋ ತರಲೆಯೂ ಅಷ್ಟೇ ಇತ್ತು. ಈ ಪೆಟ್ಟಿಗೆಯ ವಂಶಾವಳಿಯನ್ನೇ ಬಿಚ್ಚಿದ. ಹಿಂದೆ ಬಿಲಾತಿಯಲ್ಲಿ ಇದ್ದಿಲು ತುಂಬಿದ ಮುಖವಾಡ ಹಾಕಿಕೊಂಡು ಕೆಟ್ಟ ಗಾಳಿಯಲ್ಲಿ ಉಸಿರಾಡಿದರು, ಆಮೇಲೆ ಅಮೆರಿಕದವರು ಅಣುಬಾಂಬು ಮಾಡುವಾಗ ವಿಷದ ಧೂಳು ಹಿಡಿಯಲು ಕಾಗದದಂಥ ಜರಡಿ ಕಂಡುಹಿಡಿದರು, ಜರ್ಮನಿಯ ಮನೆಗಳಲ್ಲಿ ಕಲ್ಲಿದ್ದಲ ಮಸಿ ತಡೆಯಲು ಸೋಸುಕ ಕೂರಿಸಿದರು, ಆ ಜಾತಿಯ ಜರಡಿಯೇ ಈಗ ನಮ್ಮ ಹಾಲಿಗೆ ಬಂದಿದೆ. ಅಂಥದ್ದರ ಮೂತಿಗೇ ಸಾಂಬ್ರಾಣಿ ಹಿಡಿದರೆ ಅದು ಕೆಮ್ಮದೆ ಇನ್ನೇನು ಮಾಡೀತು ಎಂದ. ಬಾಂಬಿನ ಹೆಸರು ಕೇಳಿದ ರಂಗನಾಯಕಿ ಪೆಟ್ಟಿಗೆಗೂ ಒಂದು ಸುತ್ತು ಹೊಗೆ ತೋರಿಸಿದಳು. ಕಿಟಕಿ ತೆಗೆಯೋಣ ಎಂದದ್ದಕ್ಕೆ ದಂಡಪಾಣಿ, ಅಮ್ಮ ಮುಚ್ಚಿದ್ದನ್ನು ತೆಗೆಯಲು ನೀನ್ಯಾರು ಎಂದು ಎದ್ದುಹೋದ.

ಹಾಗಾದರೆ ಅಪ್ಪನ ಅಮ್ಮನೇ ಬಂದು ಹೇಳಲಿ ಎಂದುಕೊಂಡ ಕಾರ್ತಿ. ಸಿಂಗಾನಲ್ಲೂರು ಬಸ್ಸಿನ ಕಂಡಕ್ಟರಿಂದ ಹಿಡಿದು ಬೀದಿಯ ಮುದುಕಿಯರವರೆಗೆ ಅವನ ಗಂಟಲಿಗೆ ಸಿಗದ ದನಿ ಇರಲಿಲ್ಲ.

ಗುರುವಾರ ಮಧ್ಯಾಹ್ನ ರಂಗನಾಯಕಿ ಪೇಟೆಗೆ ಹೋಗಿದ್ದಳು. ದಂಡಪಾಣಿ ಒಬ್ಬನೇ ಕೂತು, ಖಾಲಿ ತೊಟ್ಟಿಲನ್ನು ತೂಗುತ್ತ, ಕೆಂಪು ದೀಪ ನೋಡುತ್ತಿದ್ದ. ನಾಳೆ ಇದನ್ನು ಬಿಚ್ಚಿ ಮಡಿಸಿಡಬೇಕಲ್ಲ ಎಂದು ಸೀರೆಯ ಅಂಚನ್ನು ಸವರಿದ. ಆಗ ಪೆಟ್ಟಿಗೆ ಕೆಮ್ಮಿತು.

"ದಂಡಾ... ಮನೇನ ಒಲೆ ಮಾಡಿ ಮಡಗಿದ್ದೀಯಲ್ಲಡಾ. ಕಣ್ಣೆಲ್ಲ ಉರೀತದೆ. ನಾ ಮುಚ್ಚಿಸಿದ ಜನ್ನಲ್ ತೆಗಿ."

ಎಲೆಯಡಿಕೆ ತುಂಬಿದ ಬಾಯಿಯ ಅದೇ ಎಳೆತ. ಅವನನ್ನು ದಂಡಾ ಎಂದು ಕರೆಯುವವರು ಲೋಕದಲ್ಲಿ ಯಾರೂ ಉಳಿದಿರಲಿಲ್ಲ. ತಲೆ ನಂಬುವ ಮೊದಲೇ ಅವನ ಕಾಲು ನಂಬಿ ಎದ್ದು ನಿಂತಿತು.

"ಹಾಸು ಒಣಗೋಗ್ತದಲ್ಲಮ್ಮಾ," ಎಂದ ಮೆಲ್ಲಗೆ.

"ಹಾಸು ಹಿಂದಿನ ರೂಮಲ್ಲಿ ಅದೆ. ಇಲ್ಲಿ ಒಣಗೋಕೆ ಏನದೆ, ನಿನ್ನ ಬೋಳುತಲೆಯಾ? ಆ ಸಾಂಬ್ರಾಣಿ ಚಟ್ಟೀನೂ ಹಿತ್ತಲಿಗೆ ಎತ್ತಿಡು. ಕೂಸು ಬರೋ ಮನೆ."

ಹಿಂದಿನ ಕೋಣೆಯಲ್ಲಿ, ಮಗ್ಗದ ಕೆಳಗೆ ಕಾಲು ಇಳಿಬಿಡಲು ತೋಡಿದ ಕಾಲುಗುಂಡಿಯೊಳಗೆ ಕೂತಿದ್ದ ಕಾರ್ತಿ ಫೋನಿನ ಮೇಲೆ ಕೈ ಮುಚ್ಚಿ ತೋಳು ಕಚ್ಚಿಕೊಂಡ. ಅವನ ಇನ್ನೊಂದು ಹಳೆಯ ಫೋನು ಸ್ಪೀಕರ್ ಹಾಕಿಕೊಂಡು ಪೆಟ್ಟಿಗೆಯ ಹಿಂದೆ ಒರಗಿತ್ತು.

ದಂಡಪಾಣಿ ತುಕ್ಕು ಹಿಡಿದ ಅಗುಳಿಗಳಿಗೆ ಎಣ್ಣೆ ಬಿಟ್ಟು, ಗುಂಡುಕಲ್ಲಿನಿಂದ ಕುಟ್ಟಿ, ಕಿಟಕಿಗಳನ್ನು ಒಂದೊಂದಾಗಿ ತೆರೆದ. ಮಗ್ಗದ ಕೋಣೆಯ ಬಾಗಿಲನ್ನು ಭದ್ರವಾಗಿ ಎಳೆದುಕೊಂಡು, ಸಾಂಬ್ರಾಣಿ ಚಟ್ಟಿಯನ್ನು ಹಿತ್ತಲಿಗೆ ಒಯ್ದಿಟ್ಟ. ಬೇವಿನ ಮರದ ಗಾಳಿ ಒಳಗೆ ಬಂತು. ಹೊಗೆ, ಉಂಡು ಹೊರಟ ನೆಂಟನ ಹಾಗೆ, ನಿಧಾನವಾಗಿ ಎದ್ದು ಹೊರಗೆ ಹೋಯಿತು. ಹೊತ್ತು ಮುಳುಗುವ ಮುಂಚೆ ದೀಪ ನೀಲಿಯಾಯಿತು. ಇದೇನು ಎಂದು ರಂಗನಾಯಕಿ ಕೇಳಿದರೆ ಸೆಕೆಯಾಯಿತು, ತೆಗೆದೆ ಎಂದಷ್ಟೇ ಹೇಳಿದ. ಮಲಗುವಾಗ ಪೆಟ್ಟಿಗೆಗೆ ಕೈ ಮುಗಿದದ್ದನ್ನು ಹೇಳಲಿಲ್ಲ.

ಶುಕ್ರವಾರ ಸೆಂದಿಲ್ ಕುಮಾರ್ ಒಳಗೆ ಬಂದವನು ಅತ್ತೆ ಮಾವಂದಿರಿಗಿಂತ ಮೊದಲು ನೋಡಿದ್ದು ದೀಪವನ್ನು. ನೀಲಿ. ಹತ್ತಿರ ಹೋಗಿ ಬಗ್ಗಿ ನೋಡಿದ, ಆಗಲೂ ನೀಲಿ. ಅವನು ಹೆಂಡತಿಯತ್ತ ತಿರುಗಿ ತಲೆಯಾಡಿಸಿದ. ಜನನಿ ತಡೆದಿದ್ದ ಉಸಿರು ಬಿಟ್ಟು ಕೂಸನ್ನು ತಾತನ ತೊಟ್ಟಿಲಿಗೆ ಇಳಿಸಿದಳು. ರಂಗನಾಯಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಈ ಸಲ ಹೊಗೆಗಲ್ಲ.

ಹೇಗೆ ಸಾಧಿಸಿದಿರಿ ಮಾವಾ ಎಂದು ಅಳಿಯ ಮೆಚ್ಚಿ ಕೇಳಿದ. ಎದೆ ಹಗುರಾಗಿದ್ದ ಹೊತ್ತು, ದಂಡಪಾಣಿಯ ನಾಲಿಗೆ ಜಾರಿತು.

"ನಮ್ಮಮ್ಮ ಹೇಳಿದ್ಳು, ಮಾಪಿಳ್ಳೆ. ಇದರೊಳಗಿಂದ."

ಸೆಂದಿಲ್ ಕುಮಾರ್ ಪೆಟ್ಟಿಗೆಯನ್ನೊಮ್ಮೆ, ಮಾವನನ್ನೊಮ್ಮೆ ನೋಡಿದ. "ಇದಕ್ಕೆ ಮಾತಾಡೋಕೆ ಬರಲ್ಲ ಮಾವಾ," ಎಂದ.

ಅಷ್ಟರಲ್ಲಿ, ಬಾವನಿಗೂ ಬೆಳ್ಳಿಯಮ್ಮನ ದನಿಯಲ್ಲಿ ಆಶೀರ್ವಾದ ಮಾಡಿಸೋಣವೆಂದು ಮತ್ತೆ ಕಾಲುಗುಂಡಿ ಸೇರಿದ್ದ ಕಾರ್ತಿಯ ಮೂಗಿಗೆ ಹತ್ತಿಯ ನವಿರು ಹೊಕ್ಕಿತು. ಆಕ್ಷೀ ಎಂದು ಒಂದು ಸೀನು ಮಗ್ಗದ ಕೋಣೆಯಿಂದಲೂ ಪೆಟ್ಟಿಗೆಯ ಹಿಂದಿನಿಂದಲೂ ಒಟ್ಟಿಗೇ ಬಂತು.

ದಂಡಪಾಣಿ ಪೆಟ್ಟಿಗೆಯ ಹಿಂದೆ ಕೈ ಹಾಕಿ ಫೋನು ಎಳೆದ. ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಕಾರ್ತಿ ಬಾಗಿಲಲ್ಲಿ, ತಲೆಯ ತುಂಬ ಹತ್ತಿ ಮೆತ್ತಿಕೊಂಡು, ಪೆಟ್ಟು ತಿನ್ನಲು ತಯಾರಾಗಿ ನಿಂತಿದ್ದ. ಅಪ್ಪ ಫೋನನ್ನು ಬಾಯಿಗೆ ಹಿಡಿದು, "ಅಮ್ಮಾ, ನೆಗಡಿನಾ?" ಎಂದು ಕೇಳಿದ.

ಮೊದಲು ಜನನಿ ನಕ್ಕಳು, ಆಮೇಲೆ ಅಳಿಯ. ಆದರೆ ದಂಡಪಾಣಿಯ ನಗು ಶುರುವಾದ ಮೇಲೆ ಬೇರೆ ಯಾರದ್ದೂ ಕೇಳಲಿಲ್ಲ. ತೊಲೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಕಿಟಕಿಗಳು ತೆರೆದೇ ಇದ್ದವಾದ್ದರಿಂದ ಬೀದಿಯ ಕೊನೆಯ ಮನೆಗೂ ಅದು ಕೇಳಿಸಿತು.