ಕರಿ ಟೇಪಿನ ತುಂಡು

ನಂಜನಗೂಡಿನ ಟೂಲ್ಸ್ ಅಂಗಡಿಯ ಗಾಜಿನ ಮೇಜಿನ ಮೇಲೆ ಶಾಖ ಅಳೆಯುವ ಎರಡು ಗನ್ನುಗಳಿದ್ದವು. ಒಂದು ಬಿಳಿಯದು, ಕೊರೊನಾ ಕಾಲದಲ್ಲಿ ಎಲ್ಲರ ಹಣೆಗೂ ಹಿಡಿದು ಆಮೇಲೆ ಯಾರಿಗೂ ಬೇಡವಾದ ಬಗೆಯದು. ಇನ್ನೊಂದು ಹಳದಿ ಕಪ್ಪಿನದು. ರುದ್ರೇಶನ ಕಣ್ಣು ಬಿಳಿಯದರ ಮೇಲಿತ್ತು.

"ಇದೇ ಸಾಕಲ್ವೇನ್ಲಾ ಸಿದ್ದು? ಮನುಷ್ಯನ ಬಿಸಿ ನೋಡೋದು ಇಂಜಿನ್ ಬಿಸಿ ನೋಡಲ್ವಾ?"

"ಇಂಜಿನ್‌ಗೆ ಇಡುದ್ರೆ ಇದುಕ್ಕೇ ಜ್ವರ ಬತ್ತದೆ. ನಲವತ್ತು ಚಿಲ್ರೆ ದಾಟುದ್ರೆ ಬಾಯ್ಬುಡೋ ಗಿರಾಕಿ ಇದು. ಬ್ರೇಕ್ ಡ್ರಮ್ಮು ಮುನ್ನೂರಕ್ಕೂ ಓಗ್ತದೆ, ಏನ್ಮಾಡೀಯೆ?"

ಅಂಗಡಿಯ ನಾಗೇಂದ್ರ ನಗುತ್ತ ಹಳದಿಯದನ್ನು ಮುಂದೆ ತಳ್ಳಿದ. "ಇವರು ಹೇಳಿದ್ದು ಸರಿ. ಇದು ಐನೂರರವರೆಗೂ ತೋರ್ಸುತ್ತೆ. ಒಂದಡಿ ದೂರದಿಂದ ಹಿಡಿದ್ರೆ ಬರೀ ಒಂದಿಂಚು ಜಾಗದ ಬಿಸಿ ನೋಡುತ್ತೆ, ಅಕ್ಕಪಕ್ಕದ್ದು ಸೇರಿಸ್ಕೊಳ್ಳಲ್ಲ. ಆದ್ರೆ ಒಂದು ಮಾತು. ಹೊಳೆಯೋ ಸ್ಟೀಲಿಗೆ, ಕ್ರೋಮಿಗೆ ಹಿಡೀಬೇಡಿ. ಅದೆಷ್ಟೇ ಕಾದಿದ್ರೂ ತಣ್ಣಗದೆ ಅಂತ ಸುಳ್ಳು ತೋರ್ಸುತ್ತೆ. ಚೂರು ಕರಿ ಟೇಪ್ ಅಂಟ್ಸಿ, ಟೇಪಿನ ಮೇಲೆ ನೋಡಿ."

ರುದ್ರೇಶ ನಂಬಲಿಲ್ಲ. ನಾಗೇಂದ್ರನ ಬಿಸಿನೀರು ತುಂಬಿದ್ದ ಸ್ಟೀಲ್ ಜಗ್ಗಿಗೆ ತಾನೇ ಹಿಡಿದು ನೋಡಿದ: ಮೂವತ್ತೆರಡು. ತಾನೇ ಟೇಪು ಅಂಟಿಸಿ ಮತ್ತೆ ಹಿಡಿದ: ಅರವತ್ತೊಂಬತ್ತು. "ಅಯ್ ಇದ್ರ! ಹೊಳೆಯೋ ನನ್ಮಗಂದು ಎಂಗ್ ಸುಳ್ಳೇಳ್ತದ್ಲಾ!" ಎಂದು ಅಂಗಡಿಯೇ ತಿರುಗಿ ನೋಡುವಂತೆ ನಕ್ಕ. ಹಳದಿಯದನ್ನೇ ಕೊಂಡರು. ಟೇಪಿನ ಸುರುಳಿಯನ್ನು ಸಿದ್ದು ಜೇಬಿಗೆ ಹಾಕಿಕೊಂಡ.

ಇಬ್ಬರೂ ಐಟಿಐನಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಸಿದ್ದು ಸೋಸಲೆಯ ಚಲುವಯ್ಯನ ಮಗ, ಟಿ. ನರಸೀಪುರದ ಒಂದು ಗ್ಯಾರೇಜಿನಲ್ಲಿ ದುಡಿಯುತ್ತಿದ್ದ. ರುದ್ರೇಶನ ಅಪ್ಪ ಪುಟ್ಟಬಸವಯ್ಯನವರಿಗೆ ಚಿಕ್ಕಯ್ಯನಛತ್ರದಲ್ಲಿ ರಸ್ತೆಗೇ ಮುಖ ಮಾಡಿದ ಜಾಗವಿತ್ತು. ಅಲ್ಲಿ ಇಬ್ಬರೂ ಸೇರಿ ಗ್ಯಾರೇಜು ತೆಗೆಯುವುದು, ಬೋರ್ಡಿನ ಮೇಲೆ ಇಬ್ಬರ ಹೆಸರೂ ಬರೆಸುವುದು ಎಂದು ರುದ್ರೇಶನೇ ಹೇಳಿದ್ದ. ಆ ಮಾತು ನಂಬಿ ಸಿದ್ದು ಕೆಲಸ ಬಿಡುವುದಾಗಿ ಮಾಲೀಕನಿಗೆ ತಿಳಿಸಿದ್ದ. ಅವ್ವ ಮಂಚಮ್ಮ ಮಗನ ಹೆಸರಿನ ಬೋರ್ಡಿನ ಸುದ್ದಿಯನ್ನು ಬೀದಿಗೆಲ್ಲ ಹಂಚಿಯೂ ಆಗಿತ್ತು. ಇನ್ನು ಉಳಿದಿದ್ದು ಪುಟ್ಟಬಸವಯ್ಯನವರ ಒಪ್ಪಿಗೆಯೊಂದೇ. "ಕರ್ಕೊಂಡ್ ಬಾ, ನೋಡಾವ" ಎಂದಿದ್ದರು.

ಇಷ್ಟು ವರ್ಷದ ಸ್ನೇಹದಲ್ಲಿ ಸಿದ್ದು ಆ ಮನೆಯ ಮುಂದೆ ಬೈಕು ನಿಲ್ಲಿಸಿದ್ದುಂಟು, ಜಗಲಿ ಹತ್ತಿರಲಿಲ್ಲ. ಇವತ್ತು ಅಂಗಡಿಯಿಂದ ರುದ್ರೇಶನ ಬೈಕಿನಲ್ಲೇ ಬಂದು ಹತ್ತಿದ. ಪುಟ್ಟಬಸವಯ್ಯನವರು ಹಣೆಯ ವಿಭೂತಿ ಮಾಸದಂತೆ ಬೆವರೊರೆಸಿಕೊಳ್ಳುತ್ತ ಕುರ್ಚಿಯಲ್ಲಿದ್ದರು. ಅಪ್ಪ ಚಲುವಯ್ಯನಾಗಿದ್ದರೆ ಕೈಕಟ್ಟಿ ನಿಂತು "ಬುದ್ಧೀ" ಎನ್ನುತ್ತಿದ್ದ. ಸಿದ್ದು "ನಮಸ್ಕಾರ ಸಾ" ಎಂದ. ಅವರು ಬೆಂಚು ತೋರಿಸಿದರು. ಅವನಿಗೆ ಅರ್ಧ ಜೀವ ಬಂದಂತಾಯಿತು.

ರುದ್ರೇಶನ ಅವ್ವ ಚನ್ನಾಜಮ್ಮ ಒಳಗಿನಿಂದ ಟೀ ತಂದರು. ತಟ್ಟೆಯಲ್ಲಿ ಎರಡು ಸ್ಟೀಲ್ ಲೋಟ, ಒಂದು ಪೇಪರ್ ಕಪ್ಪು. ಕಪ್ಪು ತನಗೆಂದು ಯಾರೂ ಹೇಳಬೇಕಾಗಿರಲಿಲ್ಲ, ಸಿದ್ದುವಿನ ಕೈ ತಾನಾಗಿಯೇ ಅತ್ತ ಹೋಯಿತು. ಇರಲಿ, ಹೋಟೆಲಿನಲ್ಲೂ ಕಪ್ಪಿನಲ್ಲೇ ಕೊಡುತ್ತಾರೆ ಎಂದುಕೊಂಡ. ಬೋರ್ಡಿನ ಮುಂದೆ ಇದೊಂದು ದೊಡ್ಡದಲ್ಲ ಎಂದೂ ಅಂದುಕೊಂಡ.

ರುದ್ರೇಶ ಗನ್ನು ತೆಗೆದು ಅಪ್ಪನಿಗೆ ತೋರಿಸಿದ. "ನೋಡಪ್ಪ, ಮುಟ್ಟೋ ಅಂಗೇ ಇಲ್ಲ. ದೂರದಿಂದ್ಲೇ ಬಿಸಿ ಗೊತ್ತಾಯ್ತದೆ."

"ಮುಟ್ದಂಗೇಯಾ? ಒಳ್ಳೇದಾಯ್ತು ಬುಡು. ಎಲ್ಲಿ, ಟೀ ನೋಡು."

ಅಪ್ಪನ ಲೋಟದ ಮೈಗೆ ಹಿಡಿದ. ಮೂವತ್ತೊಂದು. ತನ್ನದಕ್ಕೆ ಹಿಡಿದ. ಮೂವತ್ತು. ಅದೇ ಉಮೇದಿನಲ್ಲಿ ಸಿದ್ದುವಿನ ಕಪ್ಪಿಗೂ ಹಿಡಿದ. ಐವತ್ತೆಂಟು.

ಪುಟ್ಟಬಸವಯ್ಯನವರು ಹೆಂಡತಿಯ ಕಡೆ ತಿರುಗಿದರು. "ಇದೇನ್ ನಿನ್ನ ನ್ಯಾಯ? ಬಂದೋನ್ಗೆ ಬಿಸಿಬಿಸಿ, ಮನೆ ಯಜಮಾನ್ಗೆ ಆರೋಗಿರೋದಾ?"

"ಒಂದೇ ಪಾತ್ರೇಲಿ ಕಾಯ್ಸಿ ಒಂದೇ ಸಲ ಸುರ್ದಿವ್ನಿ ಕಣ್ರೀ! ನಾನ್ಯಾಕೆ ಬ್ಯಾರೆ ಮಾಡ್ಲಿ?"

ಬೇರೆ ಎನ್ನುವ ಮಾತು ಅವರ ಬಾಯಿಂದಲೇ ಬಂದಿತ್ತು. ಎಲ್ಲರೂ ತಟ್ಟೆಯನ್ನು ನೋಡಿದರು. ಸಿದ್ದು ರುದ್ರೇಶನ ಮುಖ ನೋಡಿದ, ಟೀ ಒಂದೇ, ಲೋಟ ಮಾತ್ರ ಬೇರೆ ಎಂದು ಹೇಳಲಿ ಎಂದು. ರುದ್ರೇಶ ಗನ್ನಿನ ಗುಂಡಿ ಒತ್ತುತ್ತಲೇ ಇದ್ದ.

ಕೊನೆಗೆ ಸಿದ್ದುವೇ ಜೇಬಿನಿಂದ ಟೇಪು ತೆಗೆದ. "ಗನ್ ಸರ್ಯಾಗದೆ ಸಾ. ಸ್ಟೀಲ್ ಹೊಳೀತದಲ್ಲ, ಅದ್ಕೇ ಕಮ್ಮಿ ತೋರುಸ್ತದೆ. ಒಂದ್ ಚೂರು ಇದ ಅಂಟ್ಸುದ್ರೆ..." ಹಲ್ಲಿನಿಂದ ಕಚ್ಚಿ ಒಂದು ತುಂಡು ಕತ್ತರಿಸಿ, ಪುಟ್ಟಬಸವಯ್ಯನವರ ಲೋಟದ ಕಡೆ ಕೈ ಚಾಚಿದ.

ಚನ್ನಾಜಮ್ಮ ಸರಕ್ಕನೆ ಲೋಟ ಎತ್ತಿಕೊಂಡರು. ಟೀ ತುಳುಕಿ ಅವರ ಕೈ ಸುಟ್ಟಿತು. ಸುಟ್ಟರೂ ಬಿಡಲಿಲ್ಲ. "ಬ್ಯಾಡ ಕಣಪ್ಪ. ಲೋಟಕ್ಕೆ ಅಂಟಾಯ್ತದೆ."

ಟೇಪಿನ ತುಂಡು ಸಿದ್ದುವಿನ ಬೆರಳಿನಲ್ಲೇ ಉಳಿಯಿತು.

"ಬುಡ್ಲಾ ಸಿದ್ದು" ಎಂದ ರುದ್ರೇಶ, ತಲೆಯೆತ್ತದೆ. "ಮಿಷಿನ್ನೇ ಸರಿ ಇಲ್ಲ. ನಾಳೆ ವಾಪಸ್ ಕೊಟ್ಬುಡಾವ."

ಪುಟ್ಟಬಸವಯ್ಯನವರು ತಲೆಯಾಡಿಸಿದರು. "ಆಯ್ತಪ್ಪ, ನೀನು ಕೆಲ್ಸಗಾರ ಅಂತ ಇವ್ನು ಯೋಳವ್ನೆ. ಗ್ಯಾರೇಜ್ ಮಾಡ್ಕಳಿ. ಬೋರ್ಡಲ್ಲಿ ಮಾತ್ರ ಒಂದೇ ಹೆಸ್ರಿರ್ಲಿ. ಎರಡಿದ್ರೆ ಜನಕ್ಕೆ ಗೊಂದ್ಲ."

ಸಿದ್ದು ಮತ್ತೆ ರುದ್ರೇಶನ ಮುಖ ನೋಡಿದ. ಅವನು ಗನ್ನನ್ನು ಡಬ್ಬಿಯೊಳಗೆ ಇಡುತ್ತಿದ್ದ, ಬಹಳ ಜೋಪಾನವಾಗಿ.

ಸಿದ್ದು ಟೀ ಕುಡಿದು ಮುಗಿಸಿ "ಬತ್ತೀನಿ ಸಾ" ಎಂದು ಎದ್ದ. ಖಾಲಿ ಕಪ್ಪನ್ನು ತಾನೇ ಕೈಯಲ್ಲಿ ಹಿಡಿದು ಇಳಿದು, ರಸ್ತೆ ಬದಿಯ ಗುಂಡಿಗೆ ಎಸೆದ. ರುದ್ರೇಶ ಹಿಂದೆಯೇ ಬಂದ.

"ಅವ್ವ ಹಳೇ ಕಾಲದೋಳು ಕಣ್ಲಾ. ಮನ್ಸಿಗ್ ಹಚ್ಕಬೇಡ."

"ನಿಮ್ಮವ್ವುಂದು ಬುಡು. ಅವ್ರು ಅಂಗ್ಡಿಗೆ ಬಂದಿರ್ನಿಲ್ಲ. ಟೇಪ್ ಅಂಟ್ಸಿ ನೋಡ್ದೋನು ನೀನು."

ರುದ್ರೇಶ ರಸ್ತೆಯ ಕಡೆ ನೋಡುತ್ತ ಕೇಳಿದ: "ಗನ್ ವಾಪಸ್ ಕೊಡಾವ್ಲಾ ಅಂಗಾರೆ?"

"ಇಟ್ಕೋ. ಒಂದೇ ಹೆಸ್ರಿನ ಗ್ಯಾರೇಜ್‌ಗೂ ಬೇಕಾಯ್ತದೆ."

ನಂಜನಗೂಡಿಗೆ ಹೋಗುವ ಬಸ್ಸು ಬಂತು. ಅಲ್ಲಿಂದ ಇನ್ನೊಂದು ಬಸ್ಸು ಹತ್ತಬೇಕು. ನಿಂತೇ ಹೋಗಬೇಕಾಗಿತ್ತು, ಮೇಲಿನ ಸ್ಟೀಲ್ ಕಂಬಿ ಹಿಡಿದ. ಬೆರಳಿನ ಟೇಪಿನ ತುಂಡು ಕಂಬಿಗೆ ತಗುಲಿ ಅಲ್ಲೇ ಅಂಟಿಕೊಂಡಿತು. ಕೀಳಲು ಹೋಗಲಿಲ್ಲ. ನಾಳೆ ಬೆಳಿಗ್ಗೆ ನರಸೀಪುರದ ಮಾಲೀಕನ ಮುಂದೆ ನಿಂತು, ಕೆಲಸ ಬಿಡಲ್ಲ ಸಾ ಎನ್ನಬೇಕು. ಅದು ಹೇಳಬಹುದು. ಅದಕ್ಕೂ ಮೊದಲು ಮನೆಯಲ್ಲಿ ಅವ್ವ ಕೇಳುತ್ತಾಳೆ, ಆ ಮನೆಯಲ್ಲಿ ಕೂರಿಸಿ ಟೀ ಕೊಟ್ಟರಾ ಎಂದು. ಕೊಟ್ಟರು ಎನ್ನಬೇಕು. ಸುಳ್ಳೇನೂ ಅಲ್ಲ, ಬಿಸಿಯಾಗೇ ಇತ್ತು.