ಸೊಂಟದಳತೆಯ ಕೆಳಗಿನ ಸಹಿ

ಕಾಯಿದೆಯ ಕಥೆ ಹೇಳುವ ಯೋಗ್ಯತೆ ನನಗಿಲ್ಲ, ಓದುವವರು ದಯವಿಟ್ಟು ಕ್ಷಮಿಸಬೇಕು. ಸಂಜೆ ತರಗತಿಯಲ್ಲಿ ಟೈಪಿಂಗು ಕಲಿತು, ಅರ್ಧ ವರ್ಷ ಕಾಯಿದೆ ಪಾಠ ಕೇಳಿ, ಈಗ ವಕೀಲರೊಬ್ಬರ ಕಚೇರಿಯಲ್ಲಿ ಟೈಪು ಮಾಡುತ್ತೇನೆ, ಅಷ್ಟೇ. ಆದರೆ ಆ ದಿನ ಪುಸ್ತಕ ತಿರುವಿದ್ದು ನಾನೇ ಆದ್ದರಿಂದ ನಾನೇ ಹೇಳಬೇಕಾಗಿದೆ.

ನಮ್ಮ ಕಚೇರಿಯ ಎದುರು ಬಟ್ಟೆ ಹೊಲಿಯುವವರನ್ನು ಬೀದಿಯೆಲ್ಲ ಟೈಲರಕ್ಕ ಎನ್ನುತ್ತದೆ. ಅವರ ಅಪ್ಪ ಬಿಟ್ಟುಹೋದ ಜಾಗದಲ್ಲಿ ಅರ್ಧ ಅಕ್ಕನದು, ಅರ್ಧ ಅವರಣ್ಣ ಡ್ರಿಲ್ ಮೇಷ್ಟ್ರದು. ಪೂರ್ತಿಯನ್ನೂ ಇಟ್ಟುಕೊಂಡವರು ಮಾತ್ರ ಮೇಷ್ಟ್ರು. ಬಾಡಿಗೆ ಅಂಗಡಿ ಖಾಲಿ ಮಾಡಿ ಎಂದು ಮಾಲೀಕ ಹೇಳಿದಾಗ, ತಮ್ಮ ಅರ್ಧದಲ್ಲಿ ಒಂದು ಕೋಣೆ ಎಬ್ಬಿಸಿ ಹೊಲಿಗೆ ಯಂತ್ರ ಇಟ್ಟುಕೊಳ್ಳೋಣವೆಂದು ಅಕ್ಕ ನಮ್ಮಲ್ಲಿಗೆ ಬಂದರು. ಅವರಿಗೆ ಬೇರೆ ಜಾಗವಿರಲಿಲ್ಲ.

ವಕೀಲರು ಮೊದಲು ಕೇಳಿದ್ದು ಒಂದೇ. "ಕೊಡಲ್ಲ ಅಂತ ನಿಮ್ಮಣ್ಣ ಯಾವತ್ತು ಹೇಳಿದ್ರು? ಅವತ್ತಿಂದ ಹನ್ನೆರಡು ವರ್ಷದೊಳಗೆ ದಾವೆ ಹಾಕ್ಬೇಕು. ಒಂದು ದಿನ ಮೀರಿದ್ರೂ ಜಾಗ ಹೋಯ್ತು ಅಂತ್ಲೇ ಲೆಕ್ಕ."

"ಪ್ಯಾಂಟಿನ ಅಳತೆ ಕೊಡೋಕೆ ಬಂದಿದ್ದ ದಿನ," ಎಂದರು ಅಕ್ಕ. "ಸೊಂಟಕ್ಕೆ ಟೇಪು ಸುತ್ತಿ ಕೇಳ್ದೆ, ಅಣ್ಣಾ, ನನ್ನ ಪಾಲು ಯಾವಾಗ ಕೊಡ್ತೀಯ? ನಿಂಗ್ಯಾವ ಪಾಲು, ಎಲ್ಲಾ ನಂದೇ ಅಂದ. ಅವತ್ತೇ ಮಾತು ಬಿಟ್ವಿ. ತಾರೀಖು ಅಳತೆ ಪುಸ್ತಕದಲ್ಲಿದೆ."

ಹೊಟ್ಟೆ ಬೆಳೆಸಿಕೊಂಡ ಗಿರಾಕಿಯೊಬ್ಬ 'ನೀನೇ ಬಿಗಿ ಹೊಲಿದೆ' ಎಂದು ರಂಪ ಮಾಡಿದ ಮೇಲೆ, ಅಳತೆಯನ್ನು ಗಿರಾಕಿಗಳೇ ಬರೆದು ತಾರೀಖು ಸಮೇತ ಸಹಿ ಹಾಕಬೇಕೆಂಬುದು ಅಕ್ಕನ ಅಂಗಡಿಯ ನಿಯಮ.

ಪುಸ್ತಕ ತರಿಸಿ ಎಣಿಸಿದೆ. ಹನ್ನೆರಡು ವರ್ಷ, ಒಂಬತ್ತು ದಿನ. ಮತ್ತೆ ಎಣಿಸಿದೆ, ಒಂಬತ್ತೇ.

"ಎರಡು ವಾರ ಮುಂಚೆ ಬರೋಕೆ ಏನಾಗಿತ್ತಮ್ಮಾ?" ವಕೀಲರು ತಲೆ ಮೇಲೆ ಕೈ ಹೊತ್ತರು.

"ಶಾಲೆ ಯೂನಿಫಾರಂ ಹೊಲೀತಿದ್ದೆ. ಮಕ್ಳು ಬರೀ ಮೈಯಲ್ಲಿ ಹೋಗ್ಬೇಕಿತ್ತಾ?" ಆಮೇಲೆ ಅಕ್ಕ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು, "ಆ ಒಂಬತ್ತು ದಿನಾನ ಎಲ್ಲಾದ್ರೂ ಒಳಗೆ ಮಡಚಿ ಹೊಲಿಯೋಕಾಗಲ್ವಾ?"

ನಗು ಬರಲಿಲ್ಲ. ಇಸವಿಯ ಅಂಕಿಯನ್ನು ನಾನೇ ತಪ್ಪಾಗಿ ಓದಿರಬಹುದೆಂದು ಅನುಮಾನ. ಮೇಷ್ಟ್ರು ಅಂಕಿ ಬರೆಯುವ ರೀತಿ ನೋಡೋಣವೆಂದು ಅವರ ಬೇರೆ ಅಳತೆ ಹುಡುಕಿದೆ. ಸಿಕ್ಕವು, ವರ್ಷಕ್ಕೊಂದರಂತೆ.

"ಅಕ್ಕಾ, ಮಾತು ಬಿಟ್ಟಿದ್ರಲ್ಲ?"

"ಮಾತು ಬಿಟ್ವಿ, ಪ್ಯಾಂಟು ಬಿಡೋಕಾಗತ್ತಾ? ಬೇರೆಯವ್ರು ಹೊಲಿದಿದ್ದು ಅವನಿಗೆ ಸರಿಹೋಗಲ್ಲ. ಬರ್ತಾನೆ, ಕಂಬದ ಥರ ನಿಲ್ತಾನೆ, ಹೇಳೋದೆಲ್ಲ ಪುಸ್ತಕದಲ್ಲಿ ಬರೀತಾನೆ, ಹೋಗ್ತಾನೆ."

ಎಂಟು ವರ್ಷದ ಹಿಂದಿನ ಪುಟದಲ್ಲಿ ನನ್ನ ಬೆರಳು ನಿಂತಿತು. 'ಸೊಂಟ ಮೂವತ್ತೆಂಟು. ಜೇಬು ಆಳವಿರಲಿ. ಅಪ್ಪನ ಜಾಗದಲ್ಲಿ ನಿನ್ನ ಅರ್ಧದ ಕಡೆ ಬೇಲಿ ಬಿದ್ದು ದನ ನುಗ್ಗುತ್ತಿವೆ. ಸರಿ ಮಾಡಿಸಿಕೋ.' ಕೆಳಗೆ ತಾರೀಖು, ಸಹಿ.

"ಇದನ್ನ ನೀವು ಓದಿರಲಿಲ್ವಾ?"

"ಓದ್ದೆ. ಸೊಂಟ ನಲವತ್ತಿತ್ತು, ಸುಳ್ಳು ಬರೆದಿದ್ದ. ಆ ಸಿಟ್ಟಲ್ಲಿ ಮಿಕ್ಕಿದ್ದು ತಲೆಗೇ ಹೋಗ್ಲಿಲ್ಲ."

ವಕೀಲರು ಪುಸ್ತಕ ಕಿತ್ತುಕೊಂಡರು. "ಗಡುವು ಮುಗಿಯೋಕೆ ಮುಂಚೆ, ಇದು ನಿಂದು ಅಂತ ಬರೆದು ಸಹಿ ಹಾಕಿದ್ರೆ ಎಣಿಕೆ ಅವತ್ತಿಂದ ಹೊಸದಾಗಿ ಶುರು! ಇನ್ನೂ ನಾಲ್ಕು ವರ್ಷ ಇದೆ ಕಣಮ್ಮಾ!" ದಾವೆಯನ್ನು ಅಂದೇ ಟೈಪು ಮಾಡಿದೆ. ಗಾಬರಿಗೆ ಮೂರು ಹಾಳೆ ಕೆಟ್ಟವು.

ವಿಚಾರಣೆಯ ದಿನ ಹಿಂದಿನ ಬೆಂಚಿನಲ್ಲಿ ಉಗುರು ಕಚ್ಚುತ್ತ ಕೂತಿದ್ದೆ. ಬರಹ ತನ್ನದಲ್ಲ ಎಂದು ಮೇಷ್ಟ್ರು ಅಂದುಬಿಟ್ಟರೆ ಅಕ್ಕನ ಕೋಣೆ ಅಲ್ಲಿಗೇ ಮುಗಿಯಿತು. ಮೇಷ್ಟ್ರ ವಕೀಲರು ಕಣ್ಣಲ್ಲೇ ಸನ್ನೆ ಮಾಡುತ್ತಲೂ ಇದ್ದರು. ನ್ಯಾಯಾಧೀಶರು ಪುಸ್ತಕ ತೋರಿಸಿದರು. ಮೇಷ್ಟ್ರು ಆ ಪುಟವನ್ನು ಮೊದಲಿಂದ ಕೊನೆಯವರೆಗೆ ಓದಿದರು.

"ಬರಹ ನಂದೇ ಸ್ವಾಮಿ. ಸಹಿನೂ ನಂದೇ."

ದಾವೆ ಗಡುವಿನೊಳಗೇ ಇದೆ ಎಂದು ತೀರ್ಪಾಯಿತು, ಅರ್ಧ ಜಾಗ ಅಕ್ಕನಿಗೆ ಬಂತು. ಈಗ ಅಲ್ಲಿ ಗೋಡೆ ಕಿಟಕಿಯ ಮಟ್ಟಕ್ಕೆ ಎದ್ದಿದೆ.

ನನಗೆ ತಿಳಿಯದೇ ಉಳಿದದ್ದು ಒಂದಿದೆ. ಮೇಷ್ಟ್ರು ಆ ಸಾಲನ್ನು ದನಗಳ ಮೇಲಿನ ಸಿಟ್ಟಿನಲ್ಲಿ ಮೈಮರೆತು ಬರೆದರೋ, ತಂಗಿಯ ಪಾಲು ತಂಗಿಗಿರಲಿ ಎಂದು ಬೇಕೆಂದೇ ಬರೆದರೋ? ಅವರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಅಕ್ಕನನ್ನು ಕೇಳಿದೆ. "ನಂಗೇನು ಗೊತ್ತು, ನಾವಿನ್ನೂ ಮಾತಾಡ್ತಿಲ್ವಲ್ಲ," ಎಂದರು. ನನಗೂ ಗೊತ್ತಿಲ್ಲ.